ಹನ್ನೆರಡು ವರ್ಷದ ಸ್ಲಿಂಗ್, ಮತ್ತೆ ಶುರುವಾದ ಸೋರಿಕೆ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುವ ತೊಂದರೆಗೆ 2012ರಲ್ಲಿ ಸ್ಲಿಂಗ್ ಶಸ್ತ್ರಚಿಕಿತ್ಸೆ (ಮೂತ್ರನಾಳದ ಕೆಳಗೆ ಆಧಾರವಾಗಿ ಟೇಪಿನಂಥ ಪಟ್ಟಿ ಹಾಕುವುದು) ಮಾಡಿಸಿಕೊಂಡ ಮಹಿಳೆಯೊಬ್ಬರು ಸುಮಾರು ಒಂಬತ್ತು ವರ್ಷ ನೆಮ್ಮದಿಯಾಗಿದ್ದರು. ಆಮೇಲೆ ಮತ್ತೆ ಬಟ್ಟೆ ಒದ್ದೆಯಾಗತೊಡಗಿ, 2024ರಲ್ಲಿ ದಾವಣಗೆರೆಯಲ್ಲಿ ನಾನು ನೋಡುವ ಹೊರರೋಗಿ ವಿಭಾಗಕ್ಕೆ ಬಂದರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ‘ಸ್ಲಿಂಗ್ ವಿಫಲ, ಮರುಶಸ್ತ್ರಚಿಕಿತ್ಸೆಗಾಗಿ’ ಎಂದು ಬರೆದಿತ್ತು. ಒಳಗಿನ ಟೇಪು ಹರಿದುಹೋಗಿದೆ, ಇನ್ನೊಂದು ಹಾಕಿ ಗಟ್ಟಿ ಮಾಡಿಕೊಡಬೇಕು ಎಂಬುದು ಜೊತೆಗೆ ಬಂದಿದ್ದ ಮಗನ ಒತ್ತಾಯವಾಗಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ತಿಳಿದದ್ದು ಬೇರೆಯೇ. ಟೇಪು ಇದ್ದಲ್ಲೇ ಇತ್ತು, ತನ್ನ ಕೆಲಸವನ್ನೂ ಮಾಡುತ್ತಿತ್ತು; ಸೋರುತ್ತಿದ್ದುದಕ್ಕೆ ಕಾರಣ ಬೇರೆ ಇತ್ತು; ಯಾರೂ ಕೇಳದ, ಆಕೆಯೂ ಹೇಳದ ಇನ್ನೆರಡು ತೊಂದರೆಗಳು ಟೇಪಿನ ಸುತ್ತ ಇದ್ದವು.

ಸ್ಲಿಂಗ್ ಶಸ್ತ್ರಚಿಕಿತ್ಸೆಯ ದೀರ್ಘಕಾಲದ ಫಲಿತಾಂಶವನ್ನು ‘ಸೋರುತ್ತದೆಯೇ, ಇಲ್ಲವೇ’ ಎಂಬ ಒಂದೇ ಪ್ರಶ್ನೆಯಿಂದ ಅಳೆದರೆ ಇಂಥ ರೋಗಿಗೆ ಎರಡನೆಯ ಬಾರಿ ಟೇಪು ಹಾಕುವ ತಪ್ಪು ನಡೆದುಬಿಡುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಆ ಕಾರಣಕ್ಕಾಗಿ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಗಿರಿಜಮ್ಮ ಎಂದು ಕರೆಯುತ್ತೇನೆ.

ಹಿನ್ನೆಲೆ

ಗಿರಿಜಮ್ಮನವರಿಗೆ 58 ವರ್ಷ. ಊರು ಚನ್ನಗಿರಿ ಕಡೆಯ ಒಂದು ಹಳ್ಳಿ. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಎಂದು ದುಡಿದವರು; ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದ ಮೇಲೆ ಸುಗ್ಗಿಯ ತಿಂಗಳುಗಳಲ್ಲಿ ಅಡಿಕೆ ಸುಲಿಯಲು ಕೂತವರು. ನಾಲ್ಕು ಹೆರಿಗೆ, ನಾಲ್ಕೂ ಸಹಜ. ಮೊದಲನೆಯದು ಬಹಳ ಹೊತ್ತು ಹಿಡಿದದ್ದು, ಮೂರನೆಯದು ಮನೆಯಲ್ಲೇ ಆದದ್ದು. ನಾಲ್ಕನೆಯ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಬಾಣಂತನ ಮುಗಿಸಿ ನೀರಿನ ಕೊಡ ಹೊತ್ತ ದಿನದಿಂದಲೇ ಸ್ವಲ್ಪ ಸ್ವಲ್ಪ ಸೋರುತ್ತಿತ್ತು ಎಂದು ಅವರಿಗೆ ನೆನಪಿದೆ. ನಲವತ್ತು ದಾಟುವ ಹೊತ್ತಿಗೆ ಹಳೆಯ ಸೀರೆಯ ಬಟ್ಟೆಯನ್ನು ಮಡಿಚಿ ಇಟ್ಟುಕೊಳ್ಳದೆ ಮನೆಯಿಂದ ಹೊರಡುವಂತಿರಲಿಲ್ಲ. ಮದುವೆ, ಜಾತ್ರೆ, ಬಸ್ಸಿನ ಪ್ರಯಾಣ ಎಲ್ಲವೂ ಕಡಿಮೆಯಾದವು.

ಈ ಬಗೆಯ ಸೋರಿಕೆಯಲ್ಲಿ ಮೂತ್ರಚೀಲಕ್ಕೆ ದೋಷವಿರುವುದಿಲ್ಲ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಮೂತ್ರನಾಳದ ಕೆಳಗಿರುವ ಸ್ನಾಯು ಮತ್ತು ಪೊರೆಗಳು ಗಟ್ಟಿಯಾಗಿದ್ದರೆ ಅದೇ ಒತ್ತಡ ನಾಳವನ್ನು ಅವುಗಳಿಗೆ ಒತ್ತಿ ಮುಚ್ಚುತ್ತದೆ. ಗದ್ದೆಗೆ ನೀರು ಬಿಡುವ ಪೈಪನ್ನು ಬಂಡೆಯ ಮೇಲೆ ಇಟ್ಟು ತುಳಿದರೆ ನೀರು ನಿಲ್ಲುತ್ತದೆ, ಕೆಸರಿನ ಮೇಲೆ ತುಳಿದರೆ ಪೈಪು ಒಳಕ್ಕಿಳಿದು ನೀರು ಹರಿಯುತ್ತಲೇ ಇರುತ್ತದೆ. ಅಮೆರಿಕದ ವೈದ್ಯ ಡಿಲ್ಯಾನ್ಸಿ 1994ರಲ್ಲಿ ಮಂಡಿಸಿದ ವಿವರಣೆಯ ಸಾರ ಇಷ್ಟೇ. ಕೆಳಗಿನ ಆ ಆಧಾರವನ್ನು ಮತ್ತೆ ಕಟ್ಟಿಕೊಡುವ ಕೆಲಸವನ್ನು ಸ್ಲಿಂಗ್ ಮಾಡುತ್ತದೆ. ಹೊಟ್ಟೆಯ ಅಥವಾ ತೊಡೆಯ ಪೊರೆಯನ್ನೇ ಪಟ್ಟಿಯಾಗಿ ತೆಗೆದು ಮೂತ್ರನಾಳದ ಕೆಳಗೆ ಹಾಕುವ ಪದ್ಧತಿ ಬಹಳ ಹಳೆಯದು; 1978ರಲ್ಲಿ ಮೆಕ್‌ಗ್ವೈರ್ ಮತ್ತು ಲಿಟನ್ ಅದನ್ನು ಮತ್ತೆ ಬಳಕೆಗೆ ತಂದರು. ಸ್ವೀಡನ್ನಿನ ಉಲ್ಮ್‌ಸ್ಟನ್ 1996ರಲ್ಲಿ ವರದಿ ಮಾಡಿದ ಟಿವಿಟಿ ವಿಧಾನದಲ್ಲಿ ಪೊರೆಯ ಬದಲು ಪಾಲಿಪ್ರೊಪಿಲೀನ್ ಜಾಲರಿಯ ಸುಮಾರು ಒಂದು ಸೆಂ.ಮೀ. ಅಗಲದ ಟೇಪು ಬಂತು. ಅದನ್ನು ಎಳೆದು ಕಟ್ಟುವುದಿಲ್ಲ. ನಾಳದ ನಡುಭಾಗದ ಕೆಳಗೆ ಸಡಿಲವಾಗಿ ಇಟ್ಟು, ಎರಡು ತುದಿಗಳನ್ನೂ ಜಘನದ ಮೂಳೆಯ ಹಿಂದಿನಿಂದ ಮೇಲಕ್ಕೆ ತರಲಾಗುತ್ತದೆ. ಆ ದಾರಿಯಲ್ಲಿ ಸೂಜಿ ಮೂತ್ರಚೀಲವನ್ನು ತೂರುವ ಭಯ ಇದ್ದುದರಿಂದ, 2001ರಲ್ಲಿ ಫ್ರಾನ್ಸಿನ ಡೆಲೋರ್ಮ್ ತುದಿಗಳನ್ನು ಎರಡೂ ತೊಡೆಯ ಸಂದುಗಳ ಕಡೆಗೆ ಹೊರತರುವ ಟಿಓಟಿ ವಿಧಾನವನ್ನು ತೋರಿಸಿದರು.

2012ರಲ್ಲಿ ನಡೆದದ್ದು

ಗಿರಿಜಮ್ಮನವರು ಮೊದಲು ಹೋದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಗರ್ಭಚೀಲ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಹೇಳಿದ್ದರಂತೆ. ಗರ್ಭಚೀಲ ತೆಗೆದರೆ ಈ ಸೋರಿಕೆ ನಿಲ್ಲುವುದಿಲ್ಲ. ನಮ್ಮ ಕಡೆ ಬಿಳುಪು, ಸೊಂಟನೋವು, ಮೂತ್ರದ ತೊಂದರೆ ಎಲ್ಲಕ್ಕೂ ಇದೇ ಸಲಹೆ ಸಿಗುವುದನ್ನು ನೋಡಿ ನೋಡಿ ಬೇಸತ್ತಿರುವುದರಿಂದ ಈ ಮಾತನ್ನು ಇಲ್ಲಿ ಹೇಳಬೇಕೆನಿಸಿತು. ಹಣ ಹೊಂದಿಸಲಾಗದ್ದರಿಂದ ಆ ಶಸ್ತ್ರಚಿಕಿತ್ಸೆ ತಪ್ಪಿತು. ಮುಂದಿನ ವರ್ಷ ಬೇರೊಬ್ಬ ವೈದ್ಯರು ಕೆಮ್ಮಿಸಿ ನೋಡಿ, ಸ್ಲಿಂಗ್ ಹಾಕಬಹುದೆಂದು ಸೂಚಿಸಿದರು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಮಾಡಿಸಿಕೊಂಡರು. ಅದಕ್ಕೆ ಮುಂಚೆ ಕೆಳಭಾಗದ ಸ್ನಾಯುಗಳ ವ್ಯಾಯಾಮವನ್ನು ಯಾರೂ ಕಲಿಸಿರಲಿಲ್ಲ. ಕೆಗೆಲ್ 1948ರಲ್ಲಿ ತೋರಿಸಿಕೊಟ್ಟ ಆ ವ್ಯಾಯಾಮವನ್ನು ಕಡೇಪಕ್ಷ ಮೂರು ತಿಂಗಳು, ಒಬ್ಬರ ಮೇಲ್ವಿಚಾರಣೆಯಲ್ಲಿ ಮಾಡಿಸಿ ನೋಡಿದ ಮೇಲೆ ಶಸ್ತ್ರಚಿಕಿತ್ಸೆಯ ಮಾತು ಎತ್ತುವುದು ಈಗ ಒಪ್ಪಿತವಾದ ಕ್ರಮ.

ಶಸ್ತ್ರಚಿಕಿತ್ಸೆಯ ಫಲ ಕೂಡಲೇ ಕಂಡಿತು. ಮಡಿಚಿದ ಬಟ್ಟೆ ಬೇಡವಾಯಿತು, ಕೆಲಸಕ್ಕೆ ಮರಳಿದರು, ಮಗಳ ಮದುವೆಯಲ್ಲಿ ಓಡಾಡಿದರು. ಆದರೆ ಎಡ ತೊಡೆಯ ಸಂದಿನಲ್ಲಿ ಒಂದು ಬಗೆಯ ಸೆಳೆತ ಉಳಿಯಿತು. ಅಡಿಕೆ ಸುಲಿಯುವಾಗ ಕಾಲು ಮಡಿಚಿ ಕೂತರೆ ಹೆಚ್ಚು, ಎದ್ದು ನಿಂತರೆ ಕಡಿಮೆ. ಅದು ಒಂದು ವರ್ಷದ ಹತ್ತಿರ ಇದ್ದು ತಾನಾಗಿ ಕಡಿಮೆಯಾಯಿತು. ಸೋರುವುದು ನಿಂತಿರುವಾಗ ಇದನ್ನೊಂದು ದೊಡ್ಡದು ಮಾಡಿ ಹೇಳುವುದೇಕೆ ಎಂದು ಆಕೆ ಯಾವ ವೈದ್ಯರಿಗೂ ಹೇಳಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಈ ಶಸ್ತ್ರಚಿಕಿತ್ಸೆ ಪೂರ್ಣ ಯಶಸ್ವಿ ಎಂದೇ ದಾಖಲಾಗಿರುತ್ತದೆ.

ದೂರು ಮತ್ತು ವಿಚಾರಣೆ

ಋತುಚಕ್ರ ನಿಂತು ಎಂಟೊಂಬತ್ತು ವರ್ಷ ಆಗಿತ್ತು. ಸಕ್ಕರೆ ಕಾಯಿಲೆ ಐದು ವರ್ಷದ ಹಿಂದೆ ಗೊತ್ತಾಗಿ, ಮಾತ್ರೆ ಒಮ್ಮೆ ನುಂಗುವುದು ಒಮ್ಮೆ ಬಿಡುವುದು ನಡೆದಿತ್ತು. ಶಸ್ತ್ರಚಿಕಿತ್ಸೆಯ ಕಾಲಕ್ಕಿಂತ ಹನ್ನೊಂದು ಕಿಲೋ ತೂಕ ಹೆಚ್ಚಿತ್ತು. 2021ರ ಸುಮಾರಿಗೆ ಸೋರಿಕೆ ಮರಳಿತು, ಕೊನೆಯ ಒಂದು ವರ್ಷದಲ್ಲಿ ಬಹಳವಾಯಿತು.

“ಕೆಮ್ಮಿದ್ರೆ ಹೋಗ್ತೈತೆ ಮೇಡಂ, ಮೊದ್ಲು ಹೆಂಗಿತ್ತೋ ಹಂಗೇ ಆಗೈತೆ” ಎಂದು ಗಿರಿಜಮ್ಮ ಹೇಳಿದರು. ಈ ಒಂದು ವಾಕ್ಯವನ್ನು ಕೇಳಿಸಿಕೊಂಡು ಬರೆದುಬಿಟ್ಟರೆ ಚೀಟಿಯಲ್ಲಿದ್ದ ರೋಗನಿರ್ಣಯವೇ ಸರಿಯೆಂದು ತೋರುತ್ತದೆ. ಹಾಗಾಗಿ ಬಿಡಿಸಿ ಕೇಳಬೇಕಾಯಿತು. ಕೆಮ್ಮಿದ ಕೂಡಲೇ ಹೋಗುತ್ತದೆಯೇ, ಇಲ್ಲ ಕೆಮ್ಮಿದ ಮೇಲೆ ಒತ್ತಿಬಂದು ಹೋಗುತ್ತದೆಯೇ? ನಾಲ್ಕು ಹನಿಯೇ, ಸೀರೆ ತೊಯ್ಯುವಷ್ಟೇ? ರಾತ್ರಿ ಏಳುತ್ತೀರಾ? ಅವರು ಯೋಚಿಸಿ ಕೊಟ್ಟ ಉತ್ತರಗಳಲ್ಲಿ ಬೇರೆಯೇ ಚಿತ್ರ ಮೂಡಿತು. ಹಿತ್ತಲಿನ ಬಚ್ಚಲಿಗೆ ಹೋಗುವ ದಾರಿಯಲ್ಲೇ ಆಗಿಬಿಡುತ್ತದೆ, ನಲ್ಲಿ ಬಿಟ್ಟ ಸದ್ದು ಕೇಳಿದರೆ ತಡೆಯಲಾಗುವುದಿಲ್ಲ, ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಮೊದಲಿನ ಸೋರಿಕೆಯಲ್ಲಿ ಹೀಗಿತ್ತೇ ಎಂದರೆ, ಇಲ್ಲ, ಆಗ ರಾತ್ರಿ ನಿದ್ದೆ ಚೆನ್ನಾಗಿತ್ತು ಎಂದರು.

ಮೂರು ದಿನದ ಮೂತ್ರದ ದಿನಚರಿ ಬರೆಸಿದೆವು. ಗಿರಿಜಮ್ಮನವರಿಗೆ ಓದು ಬರಹ ಬಾರದು. ಅಳತೆ ಮಾಡಿ ಬರೆಯಿರಿ ಎಂದು ಅಚ್ಚು ಹಾಕಿಸಿದ ಹಾಳೆ ಕೊಟ್ಟರೆ ಅದು ಹಾಗೆಯೇ ವಾಪಸು ಬರುತ್ತದೆ. ಸೊಸೆಯ ಕೈಗೆ ಒಂದು ಪ್ಲಾಸ್ಟಿಕ್ ಮಗ್ಗು ಕೊಟ್ಟು, ಆಸ್ಪತ್ರೆಯ ಸಿರಿಂಜಿನಿಂದ ಐವತ್ತೈವತ್ತು ಮಿ.ಲೀ. ನೀರು ಹಾಕಿ, ಪ್ರತಿ ಮಟ್ಟಕ್ಕೂ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಸಿದೆವು. ಮೊಮ್ಮಗ ಹೊತ್ತು ನೋಡಿ ನೋಟ್‌ಬುಕ್ಕಿನಲ್ಲಿ ಗೆರೆಯ ಸಂಖ್ಯೆ ಬರೆದ. ಒತ್ತಿಬಂದು ಸೋರಿದರೆ ಒಂದು ಗುರುತು, ಕೆಮ್ಮಿದ ಕ್ಷಣಕ್ಕೇ ಸೋರಿದರೆ ಇನ್ನೊಂದು. ಈ ಗುರುತು ಹಾಕುವ ಮುನ್ನ ಆ ಎರಡರ ವ್ಯತ್ಯಾಸವನ್ನು ಅಜ್ಜಿಗೆ ಮತ್ತೆ ಮತ್ತೆ ಹೇಳಿಕೊಟ್ಟವಳು ಸೊಸೆ. ಫಲಿತಾಂಶ ಹೀಗಿತ್ತು: ದಿನಕ್ಕೆ ಹದಿನಾಲ್ಕು ಸಲದ ಆಸುಪಾಸು, ಹೆಚ್ಚಿನ ಸಲ ಮೂತ್ರದ ಪ್ರಮಾಣ 80ರಿಂದ 150 ಮಿ.ಲೀ., ಮೂರು ದಿನಗಳಲ್ಲಿ ಒಂಬತ್ತು ಸಲ ಸೋರಿಕೆ, ಅದರಲ್ಲಿ ಎಂಟು ಒತ್ತಿಬಂದದ್ದು. ಚಹಾ ದಿನಕ್ಕೆ ಏಳು ಲೋಟ. ಒಟ್ಟು ಮೂತ್ರದ ಪ್ರಮಾಣವೂ ಕುಡಿದ ನೀರಿಗೆ ಹೋಲಿಸಿದರೆ ಹೆಚ್ಚೇ ಇತ್ತು; ಅದಕ್ಕೊಂದು ಕಾರಣ ಆಮೇಲೆ ಮಾತ್ರೆಯ ಚೀಟಿಯಲ್ಲಿ ಸಿಕ್ಕಿತು.

ಪರೀಕ್ಷೆ

ಹಳೆಯ ಡಿಸ್ಚಾರ್ಜ್ ಕಾರ್ಡು ಇರಲಿಲ್ಲ. ಮನೆಯ ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದಾಗ ಕಾಗದಗಳೆಲ್ಲ ಹೋದವು ಎಂದರು. ಆದುದರಿಂದ ಯಾವ ದಾರಿಯಲ್ಲಿ ಟೇಪು ಹಾಕಲಾಗಿದೆ ಎಂಬುದನ್ನು ಚರ್ಮದ ಮೇಲೆ ಹುಡುಕಬೇಕಾಯಿತು. ಜಘನದ ಮೂಳೆಯ ಮೇಲ್ಭಾಗದಲ್ಲಿ ಏನೂ ಇರಲಿಲ್ಲ. ಎರಡೂ ತೊಡೆಯ ಸಂದಿನಲ್ಲಿ, ಚರ್ಮವನ್ನು ಹಿಗ್ಗಿಸಿ ಓರೆ ಬೆಳಕು ಹಾಯಿಸಿದಾಗ, ಸಾಸಿವೆ ಗಾತ್ರದ ಒಂದೊಂದು ಬಿಳಿ ಕಲೆ ಕಂಡಿತು. ಟಿಓಟಿ ಎಂದು ಅಷ್ಟರಿಂದ ತಿಳಿಯಿತು. ತೊಡೆಯ ಸೆಳೆತದ ಕಥೆ ಹೊರಬಿದ್ದದ್ದೂ ಆ ಕಲೆಯ ಮೇಲೆ ಬೆರಳಿಟ್ಟಾಗ.

ಮೂತ್ರಚೀಲಕ್ಕೆ 300 ಮಿ.ಲೀ. ಉಪ್ಪುನೀರು ತುಂಬಿಸಿ, ಮಲಗಿಸಿ ಮತ್ತು ನಿಲ್ಲಿಸಿ ಕೆಮ್ಮಿಸಿದೆವು. ಮಲಗಿದಾಗ ಏನೂ ಬರಲಿಲ್ಲ. ನಿಂತು ಜೋರಾಗಿ ಕೆಮ್ಮಿದಾಗ, ಕೆಮ್ಮಿದ ಕ್ಷಣದಲ್ಲಿ ಒಂದು ಹನಿಯೂ ಬೀಳಲಿಲ್ಲ. ನಾಲ್ಕೈದು ಸೆಕೆಂಡ್ ಕಳೆದ ಮೇಲೆ ಗಿರಿಜಮ್ಮ “ಬಂತು, ಬಂತು ಮೇಡಂ” ಎಂದು ತೊಡೆ ಸೇರಿಸಿಕೊಂಡರು, ಆಗ ಧಾರೆಯಾಗಿಯೇ ಹೋಯಿತು. ಇಡೀ ಪ್ರಕರಣ ತೀರ್ಮಾನವಾದದ್ದು ಈ ಕೆಲವು ಸೆಕೆಂಡುಗಳ ಅಂತರದಲ್ಲಿ. ಕೆಮ್ಮು ಮೂತ್ರಚೀಲದ ಸ್ನಾಯುವನ್ನು ಕೆರಳಿಸಿ, ಆ ಸ್ನಾಯು ತಾನೇ ಸಂಕುಚಿಸಿ ಮೂತ್ರವನ್ನು ಹೊರತಳ್ಳುತ್ತಿತ್ತು. ರೋಗಿಯ ಪಾಲಿಗೆ ಇದೂ ‘ಕೆಮ್ಮಿದರೆ ಹೋಗುವುದು’. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೆಮ್ಮಿಗೂ ಸೋರಿಕೆಗೂ ನಡುವೆ ಎಷ್ಟು ಹೊತ್ತು ಎಂದು ನಿಂತು ನೋಡಬೇಕಾದವರು ನಾವು.

ಒಳಗೆ ಅಗಲಿಸಿ ನೋಡುವ ಸಾಧನವಾದ ಸ್ಪೆಕ್ಯುಲಂ ಇಟ್ಟು ನೋಡಿದಾಗ ಯೋನಿಯ ಒಳಪೊರೆ ತೆಳ್ಳಗೆ, ಒಣಗಿ, ಬಿಳಿಚಿಕೊಂಡಿತ್ತು. ಮುಂಗೋಡೆಯ ಎಡಮೂಲೆಯಲ್ಲಿ ಸುಮಾರು 4 ಮಿ.ಮೀ.ನಷ್ಟು ಜಾಗದಲ್ಲಿ ಪೊರೆ ಸವೆದು ಟೇಪಿನ ನೂಲು ಹೊರಗೆ ಕಾಣುತ್ತಿತ್ತು. ಕಣ್ಣಿಗೆ ಮೊದಲು ಬೀಳಲಿಲ್ಲ. ಬೆರಳಿಗೆ ಮೀನಿನ ಬಲೆಯ ಗಂಟಿನ ಹಾಗೆ ಒರಟಾಗಿ ತಾಗಿದ ಮೇಲೆ ಹುಡುಕಿ ನೋಡಿದ್ದು. ರಕ್ತ, ಕೀವು, ವಾಸನೆ ಯಾವುದೂ ಇರಲಿಲ್ಲ.

ಸ್ಲಿಂಗ್ ಹಾಕಿಸಿಕೊಂಡವರಲ್ಲಿ ಒತ್ತಿಬರುವ ತೊಂದರೆ ಹೊಸದಾಗಿ ಶುರುವಾದರೆ ಸೋಂಕು, ಟೇಪು ಬಿಗಿಯಾಗಿ ಮೂತ್ರಕ್ಕೆ ಅಡ್ಡಿಯಾಗಿರುವುದು ಮತ್ತು ಟೇಪು ಮೂತ್ರಚೀಲ ಅಥವಾ ನಾಳದೊಳಗೆ ತೂರಿಕೊಂಡಿರುವುದು, ಈ ಮೂರನ್ನು ಬಿಟ್ಟುಕೊಡದೆ ನೋಡಬೇಕು. ಮೂತ್ರದ ಕಲ್ಚರಿನಲ್ಲಿ ಸೋಂಕು ಇರಲಿಲ್ಲ. ಮೂತ್ರ ಹರಿಯುವ ವೇಗ ಸೆಕೆಂಡಿಗೆ 17 ಮಿ.ಲೀ., ಮೂತ್ರ ಮಾಡಿದ ಮೇಲೆ ಉಳಿದದ್ದು 35 ಮಿ.ಲೀ.; ಅಡ್ಡಿ ಇಲ್ಲ. ದುರ್ಬೀನಿನಲ್ಲಿ ಮೂತ್ರಚೀಲ, ನಾಳ ಎರಡೂ ಶುದ್ಧವಾಗಿದ್ದವು. ಕೆಳಗಿನಿಂದ ಮಾಡಿದ ಸ್ಕ್ಯಾನಿನಲ್ಲಿ ಮೂತ್ರನಾಳದ ನಡುಭಾಗದ ಹಿಂದೆ ಟೇಪು ಬಿಳಿಯ ಬಾಗಿದ ಗೆರೆಯಾಗಿ ಕಂಡಿತು, ತುಂಡಾಗಿರಲಿಲ್ಲ, ಜಾರಿರಲಿಲ್ಲ. ಆ ಚಿತ್ರವನ್ನು ಪರದೆಯ ಮೇಲೆ ಮಗನಿಗೂ ತೋರಿಸಿದೆ. ಮೂತ್ರಚೀಲದೊಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆಯಲ್ಲಿ ಮೂತ್ರಚೀಲದ ಅಕಾಲಿಕ ಸಂಕೋಚನ ದಾಖಲಾಯಿತು; ಕೆಮ್ಮಿನ ಒತ್ತಡಕ್ಕಷ್ಟೇ ಸೋರುವುದು ಕಾಣಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಶ (ಎಚ್‌ಬಿಎ1ಸಿ) ಶೇ 9.4; ಅಂದರೆ ಸಕ್ಕರೆ ಹತೋಟಿಯಲ್ಲಿರಲಿಲ್ಲ.

ಫಲಿತಾಂಶದ ಅಂಕಿಗಳನ್ನು ಓದುವ ಬಗೆ

ಈ ಹಂತದಲ್ಲಿ ಸ್ಲಿಂಗ್‌ಗಳ ದೀರ್ಘಕಾಲದ ಅಂಕಿಗಳನ್ನು ನೋಡಬೇಕು, ಏಕೆಂದರೆ ಅವು ಈ ರೋಗಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತವೆ ಎಂಬುದೇ ಸ್ವಾರಸ್ಯ. ನಾರ್ಡಿಕ್ ದೇಶಗಳಲ್ಲಿ ಮೊದಮೊದಲು ಟಿವಿಟಿ ಮಾಡಿಸಿಕೊಂಡ 90 ಮಹಿಳೆಯರನ್ನು ನಿಲ್ಸನ್ ಮತ್ತು ಸಂಗಡಿಗರು 17 ವರ್ಷದ ನಂತರ ಹುಡುಕಿ 2013ರಲ್ಲಿ ವರದಿ ಮಾಡಿದರು. ಪರೀಕ್ಷೆಗೆ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಕೆಮ್ಮಿದಾಗ ಸೋರಲಿಲ್ಲ. ಶೇ 87ರಷ್ಟು ಮಂದಿ ತಾವು ಗುಣವಾಗಿದ್ದೇವೆ ಅಥವಾ ಬಹಳ ಸುಧಾರಿಸಿದ್ದೇವೆ ಎಂದರು. ಟೇಪು ಹೊರಕಂಡಿದ್ದು ಒಬ್ಬರಲ್ಲಿ, ಅದೂ ಯಾವ ತೊಂದರೆ ಕೊಡದೆ. ಅದ್ಭುತವಾದ ಫಲಿತಾಂಶವೇ. ಆದರೆ ಆ 90ರಲ್ಲಿ ಮಾಹಿತಿ ಸಿಕ್ಕಿದ್ದು 58 ಮಂದಿಯದು. ಗಿರಿಜಮ್ಮನವರನ್ನು ಅದೇ ಅಳತೆಗೋಲಿನಿಂದ ಅಳೆದರೆ, ಕೆಮ್ಮಿನ ಪರೀಕ್ಷೆಯಲ್ಲಿ ಆಕೆ ‘ಗುಣ’. ಆಕೆಯನ್ನೇ ಕೇಳಿದರೆ ‘ಮೊದಲಿನ ಹಾಗೆಯೇ’.

ಈ ಅಂತರ ದೊಡ್ಡ ಅಧ್ಯಯನಗಳಲ್ಲೂ ಇದೆ. ಅಮೆರಿಕದಲ್ಲಿ 597 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ, ಎರಡು ದಾರಿಗಳ ಟೇಪನ್ನು ಹೋಲಿಸಿದ ಟೋಮಸ್ ಎಂಬ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪರೀಕ್ಷೆಯ ಲೆಕ್ಕದಲ್ಲಿ ಯಶಸ್ಸು ಮೂಳೆಯ ಹಿಂದಿನ ದಾರಿಯ ಟೇಪಿಗೆ ಶೇ 80.8, ತೊಡೆಸಂದಿನ ದಾರಿಯ ಟೇಪಿಗೆ ಶೇ 77.7. ಮಹಿಳೆಯರ ಮಾತಿನ ಲೆಕ್ಕದಲ್ಲಿ ಅದೇ ಯಶಸ್ಸು ಶೇ 62.2 ಮತ್ತು ಶೇ 55.8ಕ್ಕೆ ಇಳಿಯಿತು. ತೊಂದರೆಗಳೂ ದಾರಿಗೆ ತಕ್ಕಂತೆ ಬೇರೆ: ಮೂತ್ರ ಕಟ್ಟಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಮೊದಲ ಗುಂಪಿನ ಶೇ 2.7ರಷ್ಟು ಮಂದಿಗೆ, ಎರಡನೆಯದರಲ್ಲಿ ಯಾರಿಗೂ ಇಲ್ಲ. ನರಕ್ಕೆ ಸಂಬಂಧಿಸಿದ ತೊಂದರೆಗಳು ಮಾತ್ರ ಶೇ 4.0ರ ಎದುರು ಶೇ 9.4. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಕೊಕ್ರೇನ್ ವಿಮರ್ಶೆಯಲ್ಲೂ ತೊಡೆಸಂದಿನ ನೋವು ಟಿಓಟಿ ಬಗೆಯಲ್ಲಿ ಶೇ 6.4, ಇನ್ನೊಂದರಲ್ಲಿ ಶೇ 1.3, ಮೂತ್ರಚೀಲಕ್ಕೆ ತೂತಾಗುವುದು ಅದಕ್ಕೆ ವಿರುದ್ಧವಾಗಿ ಶೇ 0.6 ಮತ್ತು ಶೇ 4.5. ಕೂತು ದುಡಿಯುವ, ಕಾಲು ಮಡಿಚಿ ಉಣ್ಣುವ ನಮ್ಮ ಹೆಣ್ಣುಮಕ್ಕಳಿಗೆ ತೊಡೆಸಂದಿನ ನೋವು ಎಷ್ಟು ಭಾರವಾಗುತ್ತದೆ ಎಂಬುದು ಈ ಅಂಕಿಯಲ್ಲಿ ಕಾಣುವುದಿಲ್ಲ. 2012ರಲ್ಲಿ ಟಿಓಟಿ ಆರಿಸಿದ ವೈದ್ಯರನ್ನು ನಾನು ತಪ್ಪು ಹೇಳಲಾರೆ. ಮೂತ್ರಚೀಲಕ್ಕೆ ಅಪಾಯ ಕಡಿಮೆ ಇರುವ ದಾರಿ ಸುರಕ್ಷಿತ ಎಂಬ ಯೋಚನೆ ಸಹಜವೇ ಆಗಿತ್ತು.

ಇಂಗ್ಲೆಂಡಿನಲ್ಲಿ ಟೇಪು ಹಾಕಿಸಿಕೊಂಡ 95,057 ಮಹಿಳೆಯರ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟೇಪನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆಯಬೇಕಾಗಿ ಬಂದದ್ದು ಒಂದು ವರ್ಷದಲ್ಲಿ ಶೇ 1.4, ಐದು ವರ್ಷದಲ್ಲಿ ಶೇ 2.7, ಒಂಬತ್ತು ವರ್ಷದಲ್ಲಿ ಶೇ 3.3 ಮಂದಿಗೆ. ಸೋರಿಕೆಗೇ ಮತ್ತೆ ಶಸ್ತ್ರಚಿಕಿತ್ಸೆ ಆದದ್ದು ಒಂಬತ್ತು ವರ್ಷಕ್ಕೆ ಶೇ 4.5. ಇದರಲ್ಲೂ ಒಂದು ಸೂಕ್ಷ್ಮವಿದೆ: ಮರುಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರೆಲ್ಲ ಗುಣವಾದವರಲ್ಲ. ಮತ್ತೆ ಬಟ್ಟೆ ಮಡಿಚಿಟ್ಟುಕೊಂಡು ಸುಮ್ಮನಾದವರೂ ಅದರಲ್ಲಿ ಸೇರಿರುತ್ತಾರೆ. ಗಿರಿಜಮ್ಮನವರೇ ಮೂರು ವರ್ಷ ಹಾಗಿದ್ದರು.

ಸೊಸೆಯ ಆತಂಕ ಬೇರೆಯಾಗಿತ್ತು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿದ್ದಳು. “ಫಾರಿನ್ನಾಗೆ ಇದನ್ನ ಬ್ಯಾನ್ ಮಾಡಿ, ಹಾಕಿದ್ದನ್ನೆಲ್ಲ ತೆಗೀತಾ ಅದಾರಂತೆ, ಅತ್ತೆಗೂ ತೆಗೆಸ್ಬೇಕಾ ಮೇಡಂ?” ಎಂದು ಕೇಳಿದಳು. ಉತ್ತರವನ್ನು ಅರ್ಧ ಹೇಳಿ ಸಾಗಹಾಕುವಂತಿರಲಿಲ್ಲ. ಬ್ರಿಟನ್ನಿನಲ್ಲಿ 2018ರ ಜುಲೈನಲ್ಲಿ ಸೋರಿಕೆಗೆ ಜಾಲರಿ ಟೇಪು ಹಾಕುವುದನ್ನು ತಡೆಹಿಡಿದದ್ದು ನಿಜ. ಬ್ಯಾರನೆಸ್ ಕಂಬರ್ಲೆಜ್ ಅಧ್ಯಕ್ಷತೆಯ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ ಮಹಿಳೆಯರ ನೋವಿನ ದೂರುಗಳನ್ನು ವರ್ಷಗಟ್ಟಲೆ ಕಡೆಗಣಿಸಿದ್ದರ ವಿವರವೂ ಇದೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಗರ್ಭಚೀಲ, ಮೂತ್ರಚೀಲ ಕೆಳಗಿಳಿದಾಗ ಯೋನಿಯ ಮೂಲಕ ಹಾಕುವ ದೊಡ್ಡ ಜಾಲರಿಗಳದ್ದು; ಮೂತ್ರನಾಳದ ಕೆಳಗಿನ ಸಣ್ಣ ಟೇಪು ಅಲ್ಲಿ ಈಗಲೂ ಬಳಕೆಯಲ್ಲಿದೆ. ಹಾಕುವುದನ್ನು ನಿಲ್ಲಿಸಿದ ದೇಶದಲ್ಲೂ, ತೊಂದರೆಯಿಲ್ಲದವರ ಟೇಪನ್ನು ತೆಗೆಯಿರಿ ಎಂದು ಯಾರೂ ಹೇಳಿಲ್ಲ. ತೆಗೆಯುವುದು ಹಾಕುವುದಕ್ಕಿಂತ ಕಷ್ಟದ ಕೆಲಸ, ತೆಗೆದ ಮೇಲೆ ಹಳೆಯ ಸೋರಿಕೆ ಮರಳುವ ಸಂಭವವೂ ಇದೆ.

ಮಗನನ್ನು ಹೊರಗೆ ಕೂರಿಸಿ ಗಿರಿಜಮ್ಮನವರ ಜೊತೆ ಮಾತಾಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಐದಾರು ವರ್ಷದಿಂದ ಗಂಡನ ಜೊತೆ ಸಂಬಂಧವಿರಲಿಲ್ಲ, ಕಾರಣ ನೋವು. ವಯಸ್ಸಾಯಿತು, ಇನ್ನೇನು ಎಂದು ಬಿಟ್ಟಿದ್ದರು. ಒಣಗಿದ ಪೊರೆಯೇ ಸಾಕಷ್ಟು ಕಾರಣ. ಹೊರಬಂದ ನೂಲಿನ ಪಾಲೂ ಇದ್ದಿರಬಹುದು. ಹನ್ನೆರಡು ವರ್ಷದಲ್ಲಿ ಯಾವ ವೈದ್ಯರೂ ಇದನ್ನು ಕೇಳಿರಲಿಲ್ಲ. 2022ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ, ಇನ್ನೂ ಗಿಡ್ಡವಾದ ‘ಮಿನಿ’ ಟೇಪನ್ನು ಮಾಮೂಲಿ ಟೇಪಿಗೆ ಹೋಲಿಸಿದ ಅಧ್ಯಯನದಲ್ಲಿ ಎರಡರ ಯಶಸ್ಸು ಹೆಚ್ಚುಕಡಿಮೆ ಸಮವಾಗಿದ್ದು, ಸಂಭೋಗದ ನೋವು ಮಿನಿ ಟೇಪಿನಲ್ಲಿ ಶೇ 11.7, ಮಾಮೂಲಿ ಟೇಪಿನಲ್ಲಿ ಶೇ 4.8 ಎಂದು ಎದ್ದು ಕಂಡಿತು; ಕೇಳಿದ್ದರಿಂದ ಕಂಡದ್ದು ಅದು.

ಚಿಕಿತ್ಸೆ

ಎರಡನೆಯ ಟೇಪಿನ ಪ್ರಸ್ತಾಪವನ್ನು ಕೈಬಿಟ್ಟೆವು. ತಾನಾಗಿ ಸಂಕುಚಿಸುವ ಮೂತ್ರಚೀಲದ ಕೆಳಗೆ ಇನ್ನೊಂದು ಟೇಪು ಇಟ್ಟು ದಾರಿ ಬಿಗಿ ಮಾಡಿದರೆ ಒತ್ತಿಬರುವುದು ಹೆಚ್ಚಾಗುವ, ಮೂತ್ರ ಕಟ್ಟುವ ಭಯವಿರುತ್ತದೆ.

ಮಾತ್ರೆಯ ಚೀಟಿಯಲ್ಲಿ ಡಾಪಾಗ್ಲಿಫ್ಲೊಜಿನ್ ಇತ್ತು, ಒಂದು ವರ್ಷದಿಂದ. ಈಚಿನ ವರ್ಷಗಳಲ್ಲಿ ಅಗ್ಗವಾಗಿ ಸಿಗುವ ಈ ಔಷಧ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಸೋರಿಕೆ ಬಹಳವಾದದ್ದೂ ಅದೇ ವರ್ಷ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯದೆಂದು ಹೆಸರಾದ ಔಷಧವನ್ನು ಸ್ತ್ರೀರೋಗ ವಿಭಾಗದಲ್ಲಿ ಕೂತು ನಿಲ್ಲಿಸುವುದು ಸರಿಯಲ್ಲ; ಆಕೆಯ ಸಕ್ಕರೆಯ ವೈದ್ಯರಿಗೆ ಪತ್ರ ಬರೆದೆ. ಹೃದಯ, ಮೂತ್ರಪಿಂಡ ಎರಡೂ ಸರಿಯಿದ್ದುದರಿಂದ ಅವರು ಬೇರೆ ಮಾತ್ರೆಗೆ ಬದಲಿಸಿ, ಆಹಾರದ ಕಟ್ಟುಪಾಡನ್ನು ಬಿಗಿ ಮಾಡಿದರು.

ನಮ್ಮ ಕಡೆಯಿಂದ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮು, ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಚಹಾ ಎರಡು ಲೋಟಕ್ಕೆ ಇಳಿಸುವುದು, ಸಂಜೆಯ ನಂತರ ಚಹಾ ಬೇಡ. ಫಿಸಿಯೋಥೆರಪಿಯ ತಂಗಿಯೊಬ್ಬರು ಕೆಳಭಾಗದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದನ್ನು ಬೆರಳಿಟ್ಟು ಪರೀಕ್ಷಿಸಿ ಕಲಿಸಿದರು. ಮೊದಲ ದಿನ ಗಿರಿಜಮ್ಮ ಸ್ನಾಯು ಬಿಗಿಹಿಡಿಯುವ ಬದಲು ಹೊಟ್ಟೆಯಿಂದ ತಿಣುಕುತ್ತಿದ್ದರು, ಹೇಳಿ ತಿದ್ದದಿದ್ದರೆ ತಿಂಗಳುಗಟ್ಟಲೆ ತಪ್ಪನ್ನೇ ಮಾಡುತ್ತಿದ್ದರು. ಒತ್ತಿಬಂದಾಗ ಓಡದೆ, ನಿಂತಲ್ಲೇ ನಿಂತು ಸ್ನಾಯು ಬಿಗಿಹಿಡಿದು, ಒತ್ತು ಇಳಿದ ಮೇಲೆ ನಡೆಯುವುದನ್ನು ರೂಢಿಸಿದೆವು. ಆರು ವಾರದ ನಂತರ ರಕ್ತದೊತ್ತಡ ನೋಡಿ, ಮೂತ್ರಚೀಲದ ಸ್ನಾಯುವನ್ನು ಸಡಿಲಿಸುವ ಮಿರಾಬೆಗ್ರಾನ್ 25 ಮಿ.ಗ್ರಾಂ ಶುರು ಮಾಡಿ, ಮುಂದೆ 50ಕ್ಕೆ ಏರಿಸಿದೆವು. ಹಳೆಯ ಬಗೆಯ ಆಕ್ಸಿಬ್ಯುಟಿನಿನ್ ಅಗ್ಗ, ಆದರೆ ಮಲಬದ್ಧತೆ, ಬಾಯಿ ಒಣಗುವುದು, ವಯಸ್ಸಾದವರಲ್ಲಿ ಮರೆವು ಹೆಚ್ಚುವ ಭಯ ಇರುವುದರಿಂದ ಬಳಸಲಿಲ್ಲ.

ಮೂರು ತಿಂಗಳಿಗೆ ಮಗ್ಗಿನ ದಿನಚರಿಯನ್ನು ಮತ್ತೆ ಬರೆಸಿದಾಗ ದಿನಕ್ಕೆ ಎಂಟೊಂಬತ್ತು ಸಲಕ್ಕೆ ಇಳಿದಿತ್ತು, ರಾತ್ರಿ ಒಂದು ಅಥವಾ ಎರಡು, ಮೂರು ದಿನದಲ್ಲಿ ಎರಡು ಸಲ ಸೋರಿಕೆ. ಸರಾಸರಿ ಸಕ್ಕರೆ ಶೇ 7.6ಕ್ಕೆ ಬಂದಿತ್ತು. ಇದರಲ್ಲಿ ಎಷ್ಟು ಪಾಲು ಯಾವ ಚಿಕಿತ್ಸೆಯದೆಂದು ಬಿಡಿಸಿ ಹೇಳಲು ಬರುವುದಿಲ್ಲ, ಏಕೆಂದರೆ ಎಲ್ಲವನ್ನೂ ಹತ್ತಿರ ಹತ್ತಿರ ಶುರು ಮಾಡಿದ್ದೆವು. ನನಗೆ ಅನಿಸುವುದು, ಮೊದಲ ತಿಂಗಳ ಇಳಿಕೆ ಹೆಚ್ಚಾಗಿ ಸಕ್ಕರೆ ಮತ್ತು ಚಹಾದ್ದು. ಮಿರಾಬೆಗ್ರಾನಿನ ತಿಂಗಳ ಖರ್ಚು ಮನೆಯವರಿಗೆ ಹೊರೆಯಾಗಿ ಏಳನೆಯ ತಿಂಗಳಲ್ಲಿ ನಿಲ್ಲಿಸಿದರು. ಸೋರಿಕೆ ಸ್ವಲ್ಪ ಹೆಚ್ಚಿತು, ಹಳೆಯ ಮಟ್ಟಕ್ಕೆ ಹೋಗಲಿಲ್ಲ. ದಾವಣಗೆರೆಗೆ ಬಸ್ಸಿನಲ್ಲಿ ಬರುವ ದಿನ ಈಗಲೂ ಒಂದು ಪ್ಯಾಡ್ ಇಟ್ಟುಕೊಳ್ಳುತ್ತಾರೆ.

ಪೊರೆ ಸವೆದ ಜಾಗ ಆರು ತಿಂಗಳಿಗೆ 2 ಮಿ.ಮೀ.ಗಿಂತ ಕಡಿಮೆಯಾಯಿತು, ಪೂರ್ತಿ ಮುಚ್ಚಲಿಲ್ಲ. ಹೊರಬಂದ ನೂಲನ್ನು ಸ್ಥಳೀಯ ಅರಿವಳಿಕೆಯಲ್ಲಿ ಕತ್ತರಿಸಿ ಪೊರೆ ಮುಚ್ಚಬಹುದೆಂದು ತಿಳಿಸಿದೆವು. ನೋವು, ರಕ್ತ, ಸ್ರಾವ ಯಾವುದೂ ಇಲ್ಲದ್ದರಿಂದ ಸದ್ಯಕ್ಕೆ ಬೇಡ ಎಂದು ಗಿರಿಜಮ್ಮ ತೀರ್ಮಾನಿಸಿದರು. ಅದು ಒಪ್ಪತಕ್ಕ ತೀರ್ಮಾನವೇ. ಸಂಬಂಧದ ನೋವಿನ ಬಗ್ಗೆ ಕೇಳಿದಾಗ ಕ್ರೀಮಿನಿಂದ ಉರಿ ಹೋಗಿದೆ ಎಂದಷ್ಟೇ ಹೇಳಿದರು, ನಾನೂ ಕೆದಕಲಿಲ್ಲ.

ಅವರಿಗೆ ಒಂದು ಕಾರ್ಡನ್ನು ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದೇವೆ: ಟೇಪು ಹಾಕಿದ ವರ್ಷ, ಯಾವ ದಾರಿ, ಎಡಬದಿಯಲ್ಲಿ ಪೊರೆ ಸವೆದಿರುವುದು, ಸ್ಕ್ಯಾನಿನ ಮತ್ತು ದುರ್ಬೀನಿನ ಪರೀಕ್ಷೆಯ ಫಲಿತಾಂಶ. ಅದರ ಚಿತ್ರವನ್ನು ಸೊಸೆಯ ಮೊಬೈಲಿನಲ್ಲೂ ಉಳಿಸಲು ಹೇಳಿದೆವು. ತಪಾಸಣೆ ವರ್ಷಕ್ಕೊಮ್ಮೆ. ರಕ್ತ ಅಥವಾ ವಾಸನೆಯ ಸ್ರಾವ ಕಂಡರೆ, ಮೂತ್ರ ಕಟ್ಟಿದರೆ, ಪದೇ ಪದೇ ಉರಿಮೂತ್ರ ಬಂದರೆ ವರ್ಷ ತುಂಬುವ ತನಕ ಕಾಯಬಾರದು. ಮುಂದೊಂದು ದಿನ ಕೆಮ್ಮಿದ ಕ್ಷಣಕ್ಕೇ ಸೋರುವುದು ಪರೀಕ್ಷೆಯಲ್ಲಿ ಕಂಡರೆ ಆಗ ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಪೊರೆ ಈಗಾಗಲೇ ಸವೆದಿರುವ ಕಡೆ ಇನ್ನೊಂದು ಜಾಲರಿ ಹಾಕುವುದಕ್ಕಿಂತ ಹೊಟ್ಟೆಯ ಪೊರೆಯ ಪಟ್ಟಿಯನ್ನೇ ಬಳಸುವುದು ಸೂಕ್ತ ಎಂದು ಆಕೆಯ ಫೈಲಿನಲ್ಲಿ ಬರೆದಿಟ್ಟಿದ್ದೇನೆ.